ಗೋಡೆನೊಣದ ನೀಲಿ ಪಟ್ಟೆ

ಆಗ ಎಲ್ಲರೂ ನಂಬಿದ್ದು ಇಷ್ಟು: ಹೂವನ್ನು ಕಾಯಿ ಮಾಡುವುದು ಹೆಜ್ಜೇನು. ಬೇರೆ ಯಾರೂ ಅಲ್ಲ.

ಲೋಕ ಆಗ ತೀರಾ ಹೊಸದು. ಗುಡ್ಡಗಳು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಒರಗಿ ಕೂತರೆ ಬೆನ್ನಿಗೆ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಬಣ್ಣಗಳೂ ಒಣಗಿರಲಿಲ್ಲ, ಗಿಳಿಯನ್ನು ಮುಟ್ಟಿದರೆ ಕೈ ಹಸಿರಾಗುತ್ತಿತ್ತು. ಹಳ್ಳಕ್ಕೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಹರಿದು ನೋಡುತ್ತಿತ್ತು.

ಗಾಳಿಗೆ ಮಾತು ಬರುತ್ತಿತ್ತು. ಹಳ್ಳಕ್ಕೆ ಮಾತು ಬರುತ್ತಿತ್ತು. ಹೂವಿಗೂ ಹುಳಕ್ಕೂ ಬರುತ್ತಿತ್ತು. ಎಲ್ಲರಿಗೂ ಮಾತು ಬರುತ್ತಿದ್ದುದರಿಂದ ಯಾರೂ ಯಾರ ಮಾತನ್ನೂ ಅಷ್ಟಾಗಿ ಕೇಳುತ್ತಿರಲಿಲ್ಲ.

ಇದನ್ನೆಲ್ಲ ಮಾಡಿದ್ದು ಯಾರು ಎಂದು ನನ್ನನ್ನು ಕೇಳಬೇಡ. ಆಗ ಇದ್ದವರಿಗೂ ಗೊತ್ತಿರಲಿಲ್ಲ.

ಬಯಲಿನ ನಡುವೆ ಒಂದು ದೊಡ್ಡ ಬಂಡೆ ಇತ್ತು. ಅದರ ಹಣೆಯ ಕೆಳಗೆ ಹೆಜ್ಜೇನು ಗೂಡು ಕಟ್ಟಿತ್ತು. ಒಂದೊಂದು ಗೂಡೂ ಒಬ್ಬ ಆಳು ಎರಡು ಕೈ ಚಾಚಿದಷ್ಟು ಅಗಲ. ಮೈಯೆಲ್ಲ ಜೇನುನೊಣ. ಹತ್ತಿರ ಒಂದು ಹದ್ದು ಹಾದುಹೋದರೆ ಸಾಕು, ಗೂಡಿನ ಈ ತುದಿಯಿಂದ ಆ ತುದಿಗೆ ಒಂದು ಅಲೆ ಏಳುತ್ತಿತ್ತು. ಕೆರೆಯ ನೀರು ಬೆಚ್ಚಿದ ಹಾಗೆ. ನೋಡಿದವರು ಬಾಯಿ ಮುಚ್ಚಿ ನಿಲ್ಲುತ್ತಿದ್ದರು. ನಿಲ್ಲಬೇಕಾದದ್ದೇ. ಅದು ಹಾಗಿತ್ತು.

ಬಂಡೆಯ ಕೆಳಗೆ ಹನ್ನೊಂದು ಮನೆ. ಮಣ್ಣಿನ ಗೋಡೆ, ಹುಲ್ಲಿನ ಮಾಡು. ಅಲ್ಲಿನ ಜನ ಎಳ್ಳು ಬಿತ್ತುತ್ತಿದ್ದರು, ಅವರೆ ಬಿತ್ತುತ್ತಿದ್ದರು, ಕುಂಬಳ ಹಬ್ಬಿಸುತ್ತಿದ್ದರು. ಹೂ ಬಿಡುತ್ತಿತ್ತು. ಹೆಜ್ಜೇನು ಬರುತ್ತಿತ್ತು. ಕಾಯಿ ಕಟ್ಟುತ್ತಿತ್ತು. ವರ್ಷಕ್ಕೊಮ್ಮೆ ಬಂಡೆಯಿಂದ ಒಂದಿಷ್ಟು ಜೇನುತುಪ್ಪವೂ ಸಿಗುತ್ತಿತ್ತು.

ಸಿಹಿ ಕೊಡುವವರ ಮಾತನ್ನು ನಂಬುವುದು ಸುಲಭ. ಜನ ನಂಬಿದರು. ಯಾವ ಗಿಡದ್ದೇ ಆಗಲಿ, ಮೊದಲ ಕಾಯಿಯನ್ನು ತಂದು ಬಂಡೆಯ ಕೆಳಗೆ ಇಡುತ್ತಿದ್ದರು. ಹೆಜ್ಜೇನು ಕಾಯಿ ತಿನ್ನುವುದಿಲ್ಲ. ಇರುವೆಗಳು ತಿನ್ನುತ್ತಿದ್ದವು. ಇರುವೆ ತಿನ್ನುವುದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಇಡುತ್ತಿದ್ದರು.

ಆ ಹನ್ನೊಂದು ಮನೆಗಳಲ್ಲಿ ಕಡೆಯ ಮನೆ ಸಣ್ಣೀರಮ್ಮನದು. ಅವಳಿಗೆ ವಯಸ್ಸಾಗಿತ್ತು. ಹಲ್ಲು ಒಂದೂ ಉಳಿದಿರಲಿಲ್ಲ. ಅವರೆಕಾಳು ಅವಳ ಬಾಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡಿ ಸುಮ್ಮನೆ ಹೊರಗೆ ಬರುತ್ತಿತ್ತು. ಎಳ್ಳು ವಸಡಿಗೆ ಚುಚ್ಚುತ್ತಿತ್ತು. ಕುಂಬಳ ಅವಳಿಗೆ ಮೊದಲಿನಿಂದಲೂ ಆಗದು.

ಒಂದು ವರ್ಷ ಯಾವುದೋ ಹಕ್ಕಿ ಅವಳ ಗೋಡೆಯ ಬದಿಯಲ್ಲಿ, ಪಾತ್ರೆ ತೊಳೆದ ನೀರು ಚೆಲ್ಲುವಲ್ಲಿ, ಒಂದು ಬೀಜ ಬೀಳಿಸಿ ಹೋಯಿತು. ಗಿಡ ಬಂತು. ಮುಳ್ಳಿನ ಎಲೆ. ನೇರಳೆ ಬಣ್ಣದ ಹೂ. ಹೂ ತಲೆ ಬಗ್ಗಿಸಿಕೊಂಡು ನೆಲ ನೋಡುತ್ತಿತ್ತು.

ಸಣ್ಣೀರಮ್ಮ ಹೂವನ್ನು ಬೆರಳಿನಿಂದ ಎತ್ತಿ ನೋಡಿದಳು. ನಡುವೆ ಐದು ಹಳದಿ ಗಿಂಡಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಬೇರೆ ಹೂಗಳು ಹಳದಿ ಹುಡಿಯನ್ನು ಹರಿವಾಣದಲ್ಲಿ ಇಟ್ಟಂತೆ ಇಡುತ್ತವೆ. ಬಂದವರು ಮೈಗೆ ಬಳಿದುಕೊಂಡು ಹೋಗುತ್ತಾರೆ. ಈ ಹೂ ಹಾಗಲ್ಲ. ಹುಡಿಯೆಲ್ಲ ಗಿಂಡಿಗಳ ಒಳಗೆ. ಪ್ರತಿ ಗಿಂಡಿಯ ತುದಿಗೆ ತೂತು. ಸೂಜಿಯ ಮೊನೆ ಹೋದರೆ ಹೆಚ್ಚು.

ಆದರೂ ಕಾಯಿ ಆಯಿತು. ನೇರಳೆ ಕಾಯಿ, ತಲೆಗೆ ಹಸಿರು ಟೋಪಿ. ಅದೇ ಬದನೆ. ಲೋಕದ ಮೊದಲ ಬದನೆ.

ಸಣ್ಣೀರಮ್ಮ ಮೊದಲ ಕಾಯಿಯನ್ನು ಬಂಡೆಯ ಕೆಳಗಿಟ್ಟು, ಮುಂದಿನದನ್ನು ಬೇಯಿಸಿ ಬಾಯಿಗಿಟ್ಟಳು. ಕಾಯಿ ವಸಡಿನ ನಡುವೆ ತಾನಾಗಿ ಕರಗಿತು. ಅಗಿಯುವ ಕೆಲಸವೇ ಇಲ್ಲ. ಎಷ್ಟೋ ವರ್ಷಗಳ ಮೇಲೆ ಅವಳು ಎರಡನೇ ಸಲ ಬಡಿಸಿಕೊಂಡಳು.

ಊರಿಗೂ ಹಂಚಿದಳು. ಲೋಕ ಎಷ್ಟೇ ಹೊಸದಾಗಿದ್ದರೂ ಎಣ್ಣೆಗಾಯಿ ಮಾಡುವುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ಹನ್ನೊಂದು ಮನೆಯಲ್ಲೂ ಎಣ್ಣೆಗಾಯಿ.

ಊರಿನ ಯಜಮಾನ ಗಾದಿಲಿಂಗಪ್ಪ ಕೈ ತೊಳೆದುಕೊಂಡು ಬಂಡೆಯ ಕಡೆ ತಿರುಗಿ ಕೈಮುಗಿದ. ಅವನು ಸಣ್ಣೀರಮ್ಮನ ಮೈದುನ.

“ಹೆಜ್ಜೇನವ್ವ ನಮಗೆ ಇಂಥದ್ದೂ ಕೊಟ್ಟಳು,” ಎಂದ. “ಅವಳಿಗೆ ನಾವೇನು ಕೊಟ್ಟೀವಿ?”

“ಮೊದಲನೇ ಬದನೆಕಾಯಿ,” ಎಂದಳು ಸಣ್ಣೀರಮ್ಮ.

“ಅದನ್ನ ಇರುವೆ ತಿಂತಲ್ಲ ಅತ್ತಿಗೆ.”

“ಇರುವೆ ತಿಂತಾವೆ ಅಂತ ನಿನಗೂ ಗೊತ್ತೈತೆ, ಹಂಗಾದ್ರೆ.”

ಗಾದಿಲಿಂಗಪ್ಪ ಅದನ್ನು ಕೇಳಿಸಿಕೊಳ್ಳದವನ ಹಾಗೆ ಊರವರನ್ನು ಸೇರಿಸಿದ. “ಅವಳು ಮೇಲಿಂದ ದಿನಾ ನಮ್ಮ ಮನೆ ನೋಡ್ತಾಳೆ. ನಮ್ಮ ಗೋಡೆ ನೋಡಿದ್ರೆ ಜರಡಿ ಇದ್ದಂಗೆ ಐತೆ. ಎಲ್ಲಾ ಆ ಗೋಡೆನೊಣದ ಕೆಲಸ.”

ಗೋಡೆನೊಣ ಎಂದರೆ ಒಂದು ಬೂದು ಬಣ್ಣದ ನೊಣ. ಜಾತಿಯಲ್ಲಿ ಜೇನಿಗೆ ನೆಂಟ. ಆದರೆ ಯಾರೂ ಕರೆದು ಮಾತಾಡಿಸದ ನೆಂಟ. ಅದಕ್ಕೆ ರಾಣಿ ಇಲ್ಲ, ದಂಡು ಇಲ್ಲ, ತುಪ್ಪ ಇಲ್ಲ. ಹೆಣ್ಣುನೊಣ ಒಬ್ಬಳೇ ಮಣ್ಣಿನ ಗೋಡೆಯಲ್ಲಿ ತೂತು ತೋಡುತ್ತಾಳೆ, ಒಬ್ಬಳೇ ಒಳಗೆ ಮೊಟ್ಟೆ ಇಡುತ್ತಾಳೆ, ಒಬ್ಬಳೇ ಬಾಗಿಲು ಮುಚ್ಚಿ ಹೋಗುತ್ತಾಳೆ. ಪಕ್ಕದ ತೂತಿನವಳ ಹತ್ತಿರ ಉಪ್ಪು ಸಹ ಕೇಳುವುದಿಲ್ಲ.

“ತುಪ್ಪ ಕೊಡದ ನೊಣಕ್ಕೆ ನಮ್ಮ ಗೋಡೆ ಯಾಕೆ?” ಎಂದ ಗಾದಿಲಿಂಗಪ್ಪ. ಎಲ್ಲರಿಗೂ ಸರಿ ಎನಿಸಿತು. ಸಣ್ಣೀರಮ್ಮನಿಗೂ ಸರಿ ಎನಿಸಿತು. ಸುಳ್ಳು ಹೇಳುವುದೇಕೆ?

ಮುಂದಿನ ವರ್ಷ ಹೂ ಬಿಡುವ ಹೊತ್ತಿಗೆ ಊರಲ್ಲಿ ಹೊಸ ಹಬ್ಬ. ಹೆಸರು ಮೆತ್ತುಹಬ್ಬ. ಕೆಮ್ಮಣ್ಣು ಕಲಸಿ, ಸಗಣಿ ಬೆರೆಸಿ, ಹೊಟ್ಟು ಹಾಕಿ ತುಳಿದು, ಹನ್ನೊಂದು ಮನೆಯ ಗೋಡೆಗಳಿಗೂ ಹೆಬ್ಬೆರಳು ದಪ್ಪ ಮೆತ್ತಿದರು. ಒಂದು ತೂತೂ ಉಳಿಯಲಿಲ್ಲ. ಗೋಡೆಗಳು ನುಣ್ಣಗೆ ಹೊಳೆದವು. ಎಲ್ಲರೂ ದೂರ ನಿಂತು ನೋಡಿ ಮೆಚ್ಚಿಕೊಂಡರು. ಬಂಡೆಯ ಮೇಲಿನ ಹೆಜ್ಜೇನು ನೋಡಿತೋ ಇಲ್ಲವೋ ತಿಳಿಯದು.

ಆ ವರ್ಷ ಸಣ್ಣೀರಮ್ಮ ಇದ್ದಬದ್ದ ಬದನೆ ಬೀಜವನ್ನೆಲ್ಲ ಹಾಕಿದ್ದಳು. ಇಪ್ಪತ್ತು ಗಿಡ. ಹಿಂದೆ ಒಂದು ಕಾಳೂ ಉಳಿಸಿರಲಿಲ್ಲ.

ಗಿಡಗಳು ಹೂ ಬಿಟ್ಟವು. ಹೂ ಎರಡು ದಿನ ನಿಂತಿತು. ಮೂರನೇ ದಿನ ತೊಟ್ಟು ಹಳದಿಯಾಗಿ ಉದುರಿತು.

ಮತ್ತೆ ಹೂ ಬಿಟ್ಟವು. ಮತ್ತೆ ಉದುರಿತು.

ಪಕ್ಕದ ಮನೆಯ ಓಬಕ್ಕ ಬೇಲಿಯ ಮೇಲಿಂದ ಇಣುಕಿದಳು. “ಏನ್ ಸಣ್ಣೀರಕ್ಕ, ಗಿಡಕ್ಕೂ ನಿನ್ನಂಗೇ ಹಲ್ಲು ಬಿದ್ದಂಗೆ ಕಾಣುತ್ತಲ್ಲ!”

“ನೀನು ನಗು. ನಿಂಗೆ ಹಲ್ಲೈತೆ,” ಎಂದಳು ಸಣ್ಣೀರಮ್ಮ. ಆದರೆ ಲೆಕ್ಕ ಅವಳಿಗೂ ಗೊತ್ತಿತ್ತು. ಕಾಯಿ ಇಲ್ಲವೆಂದರೆ ಬೀಜ ಇಲ್ಲ. ಬೀಜ ಇಲ್ಲವೆಂದರೆ ಬದನೆ ಇಲ್ಲ. ಈ ಊರಲ್ಲಿ ಮಾತ್ರವಲ್ಲ, ಲೋಕದಲ್ಲೇ ಇಲ್ಲ.

ಹೆಜ್ಜೇನಿನ ಬಂಡೆಯ ಕೆಳಗೆ ಹೋಗಿ ಕೇಳಿದಳು. “ತಾಯಿ, ಹೋದ ವರ್ಷ ಕಾಯಿ ಮಾಡಿದ್ದೆ. ಈ ವರ್ಷ ಯಾಕೆ ಮಾಡಲಿಲ್ಲ?”

ಗೂಡಿನ ಮೇಲೆ ಒಂದು ಅಲೆ ಎದ್ದಿತು. ಸಾವಿರ ನೊಣ ಒಂದೇ ದನಿಯಲ್ಲಿ ಮಾತಾಡಿದವು. “ನಮ್ಮವರು ದಿನಾ ಹೋಗಿ ಬಂದಿದ್ದಾರೆ. ಆ ಹೂ ಬಾಗಿಲು ತೆಗೆಯಲಿಲ್ಲ.”

“ಹೋದ ವರ್ಷ ತೆಗೆದಿತ್ತಾ?”

ಗೂಡಿನ ಮೇಲೆ ಇನ್ನೊಂದು ಅಲೆ ಎದ್ದಿತು. “ಹೋದ ವರ್ಷದ ಮಾತು ಈಗ ಯಾಕೆ?” ಎಂದಿತು. “ನಮಗೆ ಬಾಗಿಲು ತೆಗೆಯದ್ದು ಹೂವೇ ಅಲ್ಲ. ಅಮಾವಾಸ್ಯೆಯೊಳಗೆ ಅದನ್ನು ಕಿತ್ತು ಹಾಕಿ. ಇಲ್ಲದಿದ್ದರೆ ನಾವು ಬಂಡೆ ಬಿಟ್ಟು ಹೋಗುತ್ತೇವೆ. ಆಮೇಲೆ ನಿಮ್ಮ ಎಳ್ಳು, ಅವರೆ, ಕುಂಬಳ ಯಾವುದು ಕಾಯಿ ಬಿಡುತ್ತದೋ ನೋಡೋಣ.”

ಊರು ಹೆದರಿತು. ಗಾದಿಲಿಂಗಪ್ಪ ಗುದ್ದಲಿ ಹಿಡಿದೇ ಬಂದ.

“ಅಮಾವಾಸ್ಯೆಗೆ ಇನ್ನೂ ಹದಿನಾಲ್ಕು ದಿನ ಐತೆ, ಗಾದಿಲಿಂಗ,” ಎಂದಳು ಸಣ್ಣೀರಮ್ಮ.

“ಹದಿನಾಲ್ಕು ದಿನದಾಗೆ ಏನ್ ಮಾಡ್ತೀಯ ಅತ್ತಿಗೆ?”

“ನೋಡ್ತೀನಿ.”

“ನೋಡಿ?”

“ನೋಡ್ತೀನಿ ಅಂದ್ನಲ್ಲ. ನೋಡೋದೂ ಒಂದು ಕೆಲ್ಸಾನೇ.”

ಹಾಗೆ ಅವಳು ನೋಡಲು ಕೂತಳು. ಒಡೆದ ಗಡಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಬಿಸಿಲು ಮೂಡಿದಾಗಿನಿಂದ ಬಿಸಿಲು ಇಳಿಯುವವರೆಗೆ ಬದನೆ ಹೂವನ್ನು ನೋಡಿದಳು. ಲೋಕದಲ್ಲಿ ಅದುವರೆಗೆ ಯಾರೂ ಒಂದು ಹೂವಿನ ಮುಂದೆ ಒಂದು ಇಡೀ ದಿನ ಕೂತಿರಲಿಲ್ಲ. ಎಲ್ಲರಿಗೂ ಉತ್ತರ ಗೊತ್ತಿತ್ತಲ್ಲ, ಕೂರುವುದು ಯಾಕೆ?

ಹೆಜ್ಜೇನು ಬಂತು. ಕೂತಿತು. ಗಿಂಡಿಗಳನ್ನು ಕೆದರಿತು, ತಳ್ಳಿತು, ಸುತ್ತು ಬಂತು. ಹೋಯಿತು. ಅದರ ಕಾಲಿಗೆ ಒಂದು ಚೂರು ಹಳದಿ ಹತ್ತಿರಲಿಲ್ಲ.

ಚಿಟ್ಟೆ ಬಂತು. ಕೂತಿತು. ಉದ್ದ ಸೊಂಡಿಲು ಚಾಚಿ ಹುಡುಕಿತು. “ಕುಡಿಯೋಕೆ ಒಂದು ಹನಿಯೂ ಇಟ್ಟಿಲ್ಲ, ಎಂಥ ಮನೆ ಇದು!” ಎಂದಿತು. ಹೋಯಿತು.

ಇರುವೆ ಬಂತು. ಗಿಂಡಿಯ ತುದಿಯ ತೂತಿನಲ್ಲಿ ಒಂದು ಮೀಸೆ ತೂರಿಸಿತು. ಮೀಸೆ ಹೊರಗೆ ತೆಗೆದುಕೊಂಡು ಹೋಯಿತು.

ಎರಡನೇ ದಿನವೂ ಹಾಗೆ. ಬಂತು, ಕೂತಿತು, ಹೋಯಿತು. ಮೂರನೇ ದಿನವೂ ಹಾಗೆ.

ಸಣ್ಣೀರಮ್ಮ ಗಾಳಿಯನ್ನು ಕೇಳಿದಳು. “ಹೋದ ವರ್ಷ ಈ ಹೂ ತೆರೆದವರು ಯಾರಪ್ಪ?”

“ನಾನೇ ಅಂತ ಅಂದುಕೊಂಡಿದ್ದೆ,” ಎಂದಿತು ಗಾಳಿ. “ಈ ವರ್ಷ ಅಷ್ಟೇ ಅಲ್ಲಾಡಿಸಿದೆ. ಏನೂ ಬೀಳಲಿಲ್ಲ. ನನಗೂ ಮುಜುಗರ.”

ಹಳ್ಳವನ್ನು ಕೇಳಿದಳು. ಹಳ್ಳ ಆವತ್ತು ಹಿಂದಕ್ಕೆ ಹರಿಯುತ್ತಿತ್ತು. “ನಾನು ಬೇರಿಗೆ ನೀರು ಕೊಡ್ತೀನಿ. ಮೇಲೆ ಏನು ನಡೆಯುತ್ತೋ ನಾನು ನೋಡಿದವಳಲ್ಲ,” ಎಂದಿತು.

ಕಡೆಗೆ ಹೂವನ್ನೇ ಕೇಳಿದಳು.

ಹೂ ತಲೆ ಎತ್ತಲಿಲ್ಲ. “ಒಳಗೆ ತುಂಬಿ ಬಂದಿದೆ ಅಜ್ಜಿ,” ಎಂದಿತು. “ಹೊರಗೆ ಹಾಕೋದು ಹೇಗೆ ಅಂತ ನನಗೇ ಗೊತ್ತಿಲ್ಲ. ಯಾರೋ ಬರಬೇಕಾಗಿತ್ತು.”

“ಯಾರು?”

“ಗೊತ್ತಿಲ್ಲ. ಬಂದರೆ ಗೊತ್ತಾಗುತ್ತೆ.”

ಮಾರನೆಯ ದಿನ ಆ ಹೂವೂ ಉದುರಿತು. ಸಣ್ಣೀರಮ್ಮ ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಇನ್ನೊಂದು ಹೂವಿನ ಮುಂದೆ ಗಡಿಗೆ ಸರಿಸಿದಳು.

ಐದನೆಯ ದಿನ ಹೊತ್ತು ಇಳಿಯುತ್ತಿತ್ತು. ಸಣ್ಣೀರಮ್ಮ ಸೊಂಟ ನೋವೆಂದು ಎದ್ದು ನಿಂತಳು. ನಿಂತಾಗ ಕಂಡಿತು. ಗೋಡೆಯ ಎದುರಿಗಿದ್ದ ಒಂದು ಒಣಗಿದ ಹುಲ್ಲುಕಡ್ಡಿಯ ಮೇಲೆ ಬೂದು ನೊಣಗಳು ಸಾಲಾಗಿ ಇದ್ದವು. ಕೂತಿರಲಿಲ್ಲ. ಕಡ್ಡಿಯನ್ನು ಹಲ್ಲಿನಿಂದ ಕಚ್ಚಿಕೊಂಡು, ಕಾಲು ಮಡಿಚಿ, ಮೈಯನ್ನು ಗಾಳಿಯಲ್ಲಿ ಚಾಚಿ ನೇತಾಡುತ್ತಿದ್ದವು. ಒಂದು, ಎರಡು, ಏಳು.

“ಇದೇನ್ರಪ್ಪ ಇದು?” ಎಂದಳು. “ಹಿಂಗ್ಯಾಕೆ ನೇತಾಡ್ತಿದ್ದೀರ?”

ಮೊದಲನೆಯವನು ಉತ್ತರ ಹೇಳಲು ಬಾಯಿ ತೆಗೆದ. ಬಾಯಿ ತೆಗೆದದ್ದೇ ತಡ, ಕೆಳಗೆ ಬಿದ್ದ.

“ಅವನು ದಿನಾ ಹಂಗೇ,” ಎಂದು ಹೇಳಲು ಎರಡನೆಯವನು ಬಾಯಿ ತೆಗೆದ. ಅವನೂ ಬಿದ್ದ.

ಮೂರನೆಯವನು ಜಾಣ. ಹಲ್ಲು ಕಚ್ಚಿಕೊಂಡೇ ಮಾತಾಡಿದ. “ಮನೆ ಇಲ್ಲ ಅಜ್ಜಿ. ನಾವು ಗಂಡಸರು ಮೊದಲು ಹುಟ್ಟಿ ಮೊದಲು ಹೊರಗೆ ಬಂದ್ವಿ. ಹೆಣ್ಣುಮಕ್ಕಳು ಆಮೇಲೆ ಬರ್ತೀವಿ ಅಂದ್ರು. ಬರೋ ಹೊತ್ತಿಗೆ ಬಾಗಿಲಿಗೆ ಮಣ್ಣು ಬಿತ್ತು.”

“ಎಲ್ಲಿಯ ಬಾಗಿಲು?”

“ನಿನ್ನ ಗೋಡೆಯದು.”

ಸಣ್ಣೀರಮ್ಮ ಹಿಂದೆ ತಿರುಗಿದಳು. ಗೋಡೆ ನುಣ್ಣಗಿತ್ತು, ಕೆಂಪಗಿತ್ತು. ಅವಳೇ ಎರಡು ದಿನ ನಿಂತು ಮೆತ್ತಿದ ಗೋಡೆ. ಅವಳ ಅಂಗೈಯ ಗೆರೆಗಳು ಅದರ ಮೇಲೆ ಇನ್ನೂ ಇದ್ದವು.

ಹತ್ತಿರ ಹೋಗಿ ಕಿವಿ ಇಟ್ಟಳು.

ಗೋಡೆಯ ಒಳಗೆ ಗುಂಯ್ ಎನ್ನುತ್ತಿತ್ತು.

ಒಂದು ಕಡೆಯಲ್ಲ. ಎಲ್ಲ ಕಡೆ. ಕಿವಿಯನ್ನು ಕೆಳಗೆ ಸರಿಸಿದರೆ ಅಲ್ಲಿ, ಮೇಲೆ ಸರಿಸಿದರೆ ಅಲ್ಲಿ. ಅಷ್ಟು ದಪ್ಪದ ಗೋಡೆ ಉದ್ದಕ್ಕೂ ಅದೇ ಒಂದು ದನಿಯಲ್ಲಿ ನಡುಗುತ್ತಿತ್ತು. ಆ ನಡುಕ ಅವಳ ಕೆನ್ನೆಗೆ ಬಂತು, ದವಡೆಗೆ ಬಂತು, ಹಲ್ಲಿಲ್ಲದ ವಸಡಿಗೆ ಬಂತು. ಇಷ್ಟು ವರ್ಷ ಅವಳು ಈ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಳೆ, ಈ ಗೋಡೆಯ ಬದಿಗೆ ಮಲಗಿದ್ದಾಳೆ. ಒಳಗೆ ಒಂದು ಲೋಕ ಇದೆಯೆಂದು ತಿಳಿದಿರಲಿಲ್ಲ.

ಅವಳು ಬಹಳ ಹೊತ್ತು ಹಾಗೇ ನಿಂತಳು. ಆ ದನಿ ಹೋದ ವರ್ಷ ಎಲ್ಲಿ ಕೇಳಿದ್ದೆನೆಂದು ಆಮೇಲೆ ನೆನಪಾಯಿತು. ಬದನೆ ಗಿಡದ ಹತ್ತಿರ. ಪಾತ್ರೆ ತೊಳೆಯುವಾಗ. ಬೆಳಗಿನ ಬಿಸಿಲಿನಲ್ಲಿ.

ಮಾರನೆಯ ಬೆಳಿಗ್ಗೆ ಅವಳು ಮುದ್ದೆ ತೊಳಸುವ ಕೋಲು ಹಿಡಿದು ಗೋಡೆಯ ಮುಂದೆ ನಿಂತಳು. ಓಬಕ್ಕ ನೋಡಿ ಕೂಗಿದಳು.

“ಹಬ್ಬದ ಗೋಡೆ ಕಣೇ ಸಣ್ಣೀರಕ್ಕ! ಹಬ್ಬದ ಗೋಡೆಗೆ ಕೋಲು ಹಾಕ್ತಾರಾ!”

ಕೂಗಿಗೆ ಊರೇ ಬಂತು. ಗಾದಿಲಿಂಗಪ್ಪ ಮುಂದೆ ಬಂದ. “ಅತ್ತಿಗೆ, ಕೋಲು ಕೆಳಗಿಡು.”

“ಇಡ್ತೀನಿ. ತೂತು ಮಾಡಿದ ಮೇಲೆ.”

“ಹೆಜ್ಜೇನವ್ವಂಗೆ ಅಂತ ಮೆತ್ತಿದ ಗೋಡೆ ಅದು. ಒಡೆದರೆ ಅವಳು ನಮ್ಮನ್ನ ಬಿಟ್ಟು ಹೋಗ್ತಾಳೆ. ಊರು ಉಪವಾಸ ಬೀಳುತ್ತೆ.”

“ಬದನೆ ಕಾಯಿ ಮಾಡಿದ್ದು ಅವಳಲ್ಲ ಕಣಪ್ಪ.”

“ಮತ್ಯಾರು?”

“ನನ್ನ ಗೋಡೆ ಒಳಗಿರೋರು.”

ಜನ ನಕ್ಕರು. ಗಾದಿಲಿಂಗಪ್ಪ ನಗಲಿಲ್ಲ. ಅವನಿಗೆ ನಿಜವಾಗಿ ಭಯವಾಗಿತ್ತು. “ಅಮಾವಾಸ್ಯೆ ದಿನ ಗಿಡದಾಗೆ ಕಾಯಿ ಕಾಣಬೇಕು,” ಎಂದ. “ಕಾಣಲಿಲ್ಲ ಅಂದ್ರೆ ಗಿಡ ಕೀಳ್ತೀನಿ. ನೀನು ನನ್ನ ಅಣ್ಣನ ಹೆಂಡತಿ ಅಂತಾನೂ ನೋಡಲ್ಲ, ಊರು ಬಿಡಬೇಕಾಗುತ್ತೆ.”

“ಆಗಲಿ,” ಎಂದಳು ಸಣ್ಣೀರಮ್ಮ. ಕೋಲು ತಿರುಗಿಸಿದಳು. ಮಣ್ಣು ಉದುರಿತು.

ಮೊದಲು ಒಂದು ಮೀಸೆ ಬಂತು. ಆಮೇಲೆ ತಲೆ. ಆಮೇಲೆ ಮಣ್ಣು ಮೆತ್ತಿದ ಒಂದು ಬೂದು ನೊಣ, ರೆಕ್ಕೆ ಮಡಿಚಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂತು.

“ಯಾಕೆ ಮುಚ್ಚಿದ್ರಿ?” ಎಂದು ಕೇಳಿತು.

“ಹಬ್ಬಕ್ಕೆ.”

“ಹಬ್ಬ ಮುಗೀತಾ?”

“ಮುಗೀತು.”

“ಸರಿ,” ಎಂದಿತು ಗೋಡೆನೊಣ. ಜಗಳ ಆಡಲಿಲ್ಲ. ಅದಕ್ಕೆ ಕೆಲಸವಿತ್ತು. ನೇರ ಬದನೆ ಗಿಡಕ್ಕೆ ಹಾರಿತು.

ಈಗ ಸರಿಯಾಗಿ ಕೇಳು. ಅಲ್ಲಿ ಇದ್ದವರೆಲ್ಲ ನೋಡಿದ್ದು ಇದು.

ಗೋಡೆನೊಣ ಹೂವನ್ನು ಕೆಳಗಿನಿಂದ ತಬ್ಬಿಕೊಂಡಿತು. ಐದು ಗಿಂಡಿಗಳನ್ನೂ ಆರು ಕಾಲಿನಲ್ಲಿ ಬಳಸಿತು, ಹಲ್ಲಿನಿಂದ ಕಚ್ಚಿ ಹಿಡಿಯಿತು. ರೆಕ್ಕೆಯನ್ನು ಬೆನ್ನಿಗೆ ಮಡಿಚಿತು. ಹಾರುವ ಸದ್ದು ನಿಂತಿತು.

ಆಮೇಲೆ, ರೆಕ್ಕೆ ಅಲ್ಲಾಡಿಸದೆ, ಹಾಡಿತು.

ಹಾರುವಾಗಿನ ದನಿಯಲ್ಲ. ಅದಕ್ಕಿಂತ ಮೇಲಿನದು, ಚೂಪಾದದ್ದು. ಮೈಯೊಳಗಿನ ಬಲವನ್ನೆಲ್ಲ ಒಟ್ಟುಮಾಡಿ ಆ ಹೂವಿನೊಳಕ್ಕೆ ಬಿಟ್ಟ ಹಾಗೆ. ಹೂ ನಡುಗಿತು. ತೊಟ್ಟು ನಡುಗಿತು. ಗಿಡ ಇಡೀ ಏನನ್ನೋ ನೆನಪು ಮಾಡಿಕೊಂಡಂತೆ ನಿಂತಿತು.

ಐದು ಗಿಂಡಿಗಳ ಐದು ತೂತುಗಳಿಂದ ಹಳದಿ ಹುಡಿ ಹೊಗೆಯ ಹಾಗೆ ಚಿಮ್ಮಿತು. ಬೆಳಗಿನ ಬಿಸಿಲು ಅದರ ಮೇಲೆ ಬಿತ್ತು. ನೊಣದ ಹೊಟ್ಟೆ ಹಳದಿಯಾಯಿತು, ಎದೆ ಹಳದಿಯಾಯಿತು, ಮುಖ ಹಳದಿಯಾಯಿತು.

ಗಾಳಿ ನಿಂತಿತ್ತು. ಹಳ್ಳ ಎರಡೂ ಕಡೆ ಹರಿಯುವುದನ್ನು ಬಿಟ್ಟು ಸುಮ್ಮನೆ ನಿಂತು ಕೇಳುತ್ತಿತ್ತು. ಗಾಳಿ ಇಡೀ ಬಯಲನ್ನು ಅಲ್ಲಾಡಿಸಿಯೂ ಆಗದ ಕೆಲಸ, ಹುಣಸೆಬೀಜದಷ್ಟು ದೊಡ್ಡದಿಲ್ಲದ ಒಂದು ನೊಣದ ಒಂದೇ ದನಿಗೆ ಆಗಿತ್ತು.

“ಬಂತು,” ಎಂದಿತು ಹೂ. ಅಷ್ಟೇ ಹೇಳಿತು.

ಮೊದಲು ಎಚ್ಚರಾದವನು ಗಾದಿಲಿಂಗಪ್ಪ. “ಹುಡಿ ಬಿತ್ತು, ನಿಜ,” ಎಂದ. ದನಿ ಸ್ವಲ್ಪ ತಗ್ಗಿತ್ತು. “ಹುಡಿ ಹಾಕಿ ಎಣ್ಣೆಗಾಯಿ ಮಾಡೋಕಾಗುತ್ತಾ? ಕಾಯಿ ಎಲ್ಲಿ?”

ಮಾತು ಸರಿ ಇತ್ತು. ಸಣ್ಣೀರಮ್ಮನೂ ಒಪ್ಪಿದಳು.

ಅವಳು ಸಂಜೆಯೊಳಗೆ ಉಳಿದ ತೂತುಗಳನ್ನೆಲ್ಲ ತೆರೆದಳು. ತನ್ನ ನೀಲಿ ಸೀರೆಯ ಅಂಚಿನಿಂದ ದಾರ ಎಳೆದಳು. ಗೋಡೆನೊಣ ಯಾವ ಹೂವನ್ನು ತಬ್ಬಿ ಹಾಡಿತೋ ಆ ಹೂವಿನ ತೊಟ್ಟಿಗೆ ಒಂದು ನೀಲಿ ದಾರ. ಹಾಡದ ಹೂವಿಗೆ ದಾರ ಇಲ್ಲ. ದಿನವಿಡೀ ಗಡಿಗೆಯ ಮೇಲೆ ಕೂತು ಇದೇ ಕೆಲಸ.

ಬಣ್ಣಗಳು ಆಗ ಒಣಗಿರಲಿಲ್ಲ ಎಂದು ಮೊದಲೇ ಹೇಳಿದೆ. ಗೋಡೆನೊಣ ಹೂವನ್ನು ಮತ್ತೆ ತಬ್ಬಲು ಬಂದಾಗ ದಾರದ ಹಸಿ ನೀಲಿ ಅದರ ಸೊಂಟಕ್ಕೆ ತಾಗಿತು. ಒಂದು ದಿನಕ್ಕೆ ಒಂದು ಪಟ್ಟೆ. ನಾಲ್ಕು ದಿನ ಹೆಣ್ಣುನೊಣಗಳು ಆ ಗಿಡಗಳಲ್ಲಿ ಕೆಲಸ ಮಾಡಿದವು. ನಾಲ್ಕು ಪಟ್ಟೆ. ಬೂದು ಮೈಯ ಮೇಲೆ ಹೊಳೆಯುವ ನೀಲಿ.

ಗಂಡುನೊಣಗಳು ಕಡ್ಡಿಯಿಂದ ಇಳಿದು ಬಂದವು. “ನಮಗೂ ಇರಲಿ,” ಎಂದವು. ಹೂವನ್ನು ಮುಟ್ಟಲಿಲ್ಲ, ಹಾಡಲಿಲ್ಲ, ಹುಡಿ ಹೊರಲಿಲ್ಲ. ದಾರಕ್ಕೆ ಸೊಂಟ ಉಜ್ಜಿಕೊಂಡು ಹೋದವು. ಐದು ದಿನ ಬಂದವು. ಹೆಣ್ಣಿಗೆ ನಾಲ್ಕು ಪಟ್ಟೆ, ಗಂಡಿಗೆ ಐದು. ಕೆಲಸ ಮಾಡದವರಿಗೆ ಒಂದು ಹೆಚ್ಚು. ಇದು ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡ, ಸುತ್ತ ನೋಡು.

ಅಮಾವಾಸ್ಯೆಯ ದಿನ ಬಂತು. ಊರೆಲ್ಲ ಸೇರಿತು. ಗಾದಿಲಿಂಗಪ್ಪ ಗುದ್ದಲಿ ತಂದ. ಸಣ್ಣೀರಮ್ಮನ ಬಾಗಿಲಲ್ಲಿ ಒಂದು ಬಟ್ಟೆಗಂಟು ಇತ್ತು. ಊರು ಬಿಡಬೇಕಾದರೆ ಇರಲಿ ಎಂದು ಅವಳೇ ಕಟ್ಟಿಟ್ಟದ್ದು.

ಗಾದಿಲಿಂಗಪ್ಪ ಮೊದಲ ಗಿಡದ ಎಲೆ ಸರಿಸಿದ. ದಾರ ಇಲ್ಲದ ತೊಟ್ಟು: ಹೂ ಉದುರಿ ಬರಿದಾಗಿತ್ತು. ಪಕ್ಕದ್ದಕ್ಕೂ ದಾರ ಇಲ್ಲ. ಅದೂ ಬರಿದು. ಅವನ ಕೈ ಗುದ್ದಲಿಯ ಕಡೆ ಹೋಯಿತು.

“ಇನ್ನೊಂದು ಎಲೆ ಸರಿಸು,” ಎಂದಳು ಸಣ್ಣೀರಮ್ಮ.

ಸರಿಸಿದ. ನೀಲಿ ದಾರ. ದಾರದ ಕೆಳಗೆ ಗೋಲಿಯಷ್ಟು ಒಂದು ಕಾಯಿ, ತಲೆಗೆ ಹಸಿರು ಟೋಪಿ.

ಇನ್ನೊಂದು ದಾರ. ಇನ್ನೊಂದು ಕಾಯಿ. ಇಪ್ಪತ್ತು ಗಿಡದಲ್ಲೂ ಹಾಗೇ. ಹಾಡಿದ ಹೂವೆಲ್ಲ ಕಾಯಿ. ಹಾಡದ ಹೂವೆಲ್ಲ ನೆಲಕ್ಕೆ.

ಓಬಕ್ಕ ಕೈ ಜೋಡಿಸಿ ಕೂಗಿದಳು. “ಅಯ್ಯೋ ತಾಯಿ, ನೀಲಿ ದಾರದ ಮಹಿಮೆ! ನಮ್ಮ ಕುಂಬಳಕ್ಕೂ ಒಂದು ದಾರ ಕೊಡೇ ಸಣ್ಣೀರಕ್ಕ!”

ಜನ ದಾರಕ್ಕೆ ಕೈಮುಗಿಯಲು ಶುರುಮಾಡಿದರು. ಒಂದನ್ನು ಬಿಡಿಸಿದರೆ ಇನ್ನೊಂದನ್ನು ಹಿಡಿದುಕೊಳ್ಳುತ್ತಾರೆ. ಕೈ ಖಾಲಿ ಇರಬಾರದು ನೋಡು.

ಸಣ್ಣೀರಮ್ಮ ಇದನ್ನು ಮೊದಲೇ ಯೋಚಿಸಿದ್ದಳು. ಬಗ್ಗಿ ಕಡೆಯ ಗಿಡದ ಬುಡದಿಂದ ಮೂರು ಒಣಹೂಗಳನ್ನು ಎತ್ತಿ ಅಂಗೈಯಲ್ಲಿ ಹಿಡಿದಳು. ಮೂರರ ತೊಟ್ಟಿಗೂ ನೀಲಿ ದಾರ ಇತ್ತು.

“ಈ ಮೂರಕ್ಕೆ ದಾರ ಕಟ್ಟಿದೆ,” ಎಂದಳು. “ಗೋಡೆನೊಣ ಬಂದರೆ ಕೈಯಾಡಿಸಿ ಓಡಿಸಿದೆ. ಹೆಜ್ಜೇನು ಬಂದ್ರೆ ಸುಮ್ಮನಿದ್ದೆ. ದಾರದ್ದೇ ಮಹಿಮೆ ಆಗಿದ್ರೆ ಇವು ಯಾಕೆ ಉದುರಿದವು ಓಬಕ್ಕ?”

ಓಬಕ್ಕ ಕೈ ಬಿಡಿಸಿಕೊಂಡಳು.

ಗಾದಿಲಿಂಗಪ್ಪ ಆ ಮೂರು ಹೂಗಳನ್ನು ಬಹಳ ಹೊತ್ತು ನೋಡಿದ. ಗುದ್ದಲಿಯನ್ನು ಗೋಡೆಗೆ ಒರಗಿಸಲು ಹೋದ. ಅಲ್ಲೊಂದು ತೂತಿತ್ತು. ಗುದ್ದಲಿಯನ್ನು ಒಂದು ಮೊಳ ಆಚೆ ಸರಿಸಿ ಒರಗಿಸಿದ.

“ಗಂಟು ಬಿಚ್ಚು ಅತ್ತಿಗೆ,” ಎಂದ.

ಹೆಜ್ಜೇನು ಮುನಿಸಿಕೊಂಡು ಆವತ್ತೇ ಬಂಡೆ ಬಿಟ್ಟಿತು. ಆಕಾಶ ಒಂದು ಗಳಿಗೆ ಕಪ್ಪಾಯಿತು. ಎಳ್ಳು ಆ ವರ್ಷ ಸ್ವಲ್ಪ ಕಡಿಮೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಹೆಜ್ಜೇನು ಮೈಗಳ್ಳತನದ ಜಾತಿಯಲ್ಲ. ತನ್ನ ಕೆಲಸ ತಾನು ಮಾಡುತ್ತಿತ್ತು. ಎಲ್ಲರ ಕೆಲಸವೂ ತನ್ನದೇ ಎಂದದ್ದು ಮಾತ್ರ ಹೆಚ್ಚಾಯಿತು. ಹೋದಲ್ಲೆಲ್ಲ ಸುತ್ತಾಡಿ ಮುಂದಿನ ಹಂಗಾಮಿಗೆ ಸದ್ದಿಲ್ಲದೆ ಅದೇ ಬಂಡೆಗೆ ಬಂತು. ಇವತ್ತಿಗೂ ಹಾಗೇ ಮಾಡುತ್ತದೆ. ವರ್ಷಕ್ಕೊಮ್ಮೆ ಬಂಡೆ ಬಿಡುತ್ತದೆ, ವರ್ಷಕ್ಕೊಮ್ಮೆ ಬರುತ್ತದೆ.

ಸಣ್ಣೀರಮ್ಮ ಆ ವರ್ಷ ತುಂಬ ಬದನೆ ತಿಂದಳು. ಬೀಜ ಎತ್ತಿಡುವುದನ್ನು ಮರೆಯಲಿಲ್ಲ. ನಿನ್ನೆ ನಿನ್ನ ತಟ್ಟೆಯ ಬದಿಗೆ ನೀನು ಸರಿಸಿಟ್ಟೆಯಲ್ಲ, ಅದು ಅಲ್ಲಿಂದ ಬಂದದ್ದು.

ಲೋಕಕ್ಕೆ ಈಗ ವಯಸ್ಸಾಗಿದೆ. ಬಣ್ಣಗಳು ಒಣಗಿವೆ, ಗೋಡೆನೊಣದ ನೀಲಿ ಪಟ್ಟೆ ಇನ್ನು ಹೋಗುವುದಿಲ್ಲ. ಗಂಡುನೊಣಗಳಿಗೆ ಇನ್ನೂ ಮನೆಯಿಲ್ಲ. ಸಂಜೆ ಹುಲ್ಲುಕಡ್ಡಿ ಕಚ್ಚಿಕೊಂಡೇ ಮಲಗುತ್ತವೆ. ಮಾತಾಡಿಸಬೇಡ, ಬಿದ್ದಾವು.

ಇದನ್ನು ನಾನು ಹೇಳಿದೆನೆಂದು ನಂಬಬೇಕಾಗಿಲ್ಲ. ನಾಳೆ ಬೆಳಿಗ್ಗೆ ಹಿತ್ತಲಿಗೆ ಹೋಗಿ ಬದನೆ ಗಿಡದ ಮುಂದೆ ಕೂತು ನೋಡು. ನೀಲಿ ಪಟ್ಟೆಯವಳು ಬರುತ್ತಾಳೆ, ರೆಕ್ಕೆ ಮಡಿಚುತ್ತಾಳೆ, ಹಾಡುತ್ತಾಳೆ, ಹಳದಿಯಾಗಿ ಹೋಗುತ್ತಾಳೆ. ಹೆಜ್ಜೇನೂ ಬರುತ್ತದೆ, ಕೂರುತ್ತದೆ, ಹೋಗುತ್ತದೆ.

ಹೆಜ್ಜೇನಿಗೆ ಬದನೆ ಹೂ ತೆರೆಯಲು ಬರುವುದಿಲ್ಲ.